ತಾಯಿಯ ಕ್ಯಾನ್ಸರೂ ಕೂಸಿನ ತೂಕವೂ

ಬಂಧುಗಳ ಮನೆಯಲ್ಲಿ ಹೆರಿಗೆಯಾಯಿತೆಂಬ ಸುದ್ದಿ ಬಂದೊಡನೆ ನಮ್ಮ ಹಿರಿಯರು ಕೇಳುವ ಪ್ರಶ್ನೆಗಳು ಮೂರು. ತಾಯಿ ಕ್ಷೇಮವೇ? ಮಗು ಗಂಡೋ ಹೆಣ್ಣೋ? ಕೂಸಿನ ತೂಕವೆಷ್ಟು? ಮೊದಲಿನ ಎರಡು ಪ್ರಶ್ನೆಗಳು ಬಹು ಹಳೆಯವು. ಮೂರನೆಯದು ಆಸ್ಪತ್ರೆಯ ತಕ್ಕಡಿಯೊಡನೆ ಬಂದದ್ದು. ಆದರೂ ಅದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಒಂಬತ್ತು ತಿಂಗಳ ಕಾಲ ಯಾರ ಕಣ್ಣಿಗೂ ಬೀಳದೆ ನಡೆದ ಬೆಳವಣಿಗೆಯ ಲೆಕ್ಕವನ್ನು ಒಂದೇ ಅಂಕಿಯಲ್ಲಿ ಒಪ್ಪಿಸುವ ಸಾಕ್ಷಿ ಈ ತೂಕ.

ಈ ಸಾಕ್ಷಿಯನ್ನು ವೈದ್ಯರು ಬಹು ಕಷ್ಟದ ಒಂದು ಪ್ರಶ್ನೆಯಲ್ಲಿ ವಿಚಾರಿಸಿಕೊಂಡ ಬಗೆಯೇ ಈ ಲೇಖನದ ವಿಷಯ. ಗರ್ಭಿಣಿಯೊಬ್ಬಳಿಗೆ ಗರ್ಭಕೋಶದಲ್ಲಿಯೇ ಕ್ಯಾನ್ಸರ್ ಇದೆಯೆಂದು ತಿಳಿದುಬಂದರೆ ಏನು ಮಾಡಬೇಕು? ಕೂಡಲೆ ಚಿಕಿತ್ಸೆ ನಡೆಸಿದರೆ ಕೂಸಿಗೆ ಅಪಾಯ. ಹೆರಿಗೆಯವರೆಗೆ ಸುಮ್ಮನಿದ್ದರೆ ತಾಯಿಗೆ ಅಪಾಯ. ಬಹುಕಾಲ ಇದಕ್ಕೆ ಎರಡೇ ದಾರಿಗಳಿದ್ದುವು: ಗರ್ಭವನ್ನು ಕೊನೆಗಾಣಿಸುವುದು, ಇಲ್ಲವೆ ದಿನ ತುಂಬುವ ಮೊದಲೇ ಕೂಸನ್ನು ಹೊರತೆಗೆಯುವುದು. ಮೂರನೆಯ ದಾರಿಯೊಂದು ತೆರೆದದ್ದು ಇತ್ತೀಚಿನ ಕೆಲವು ದಶಕಗಳಲ್ಲಿ.

ನಾವು ಭೌತಶಾಸ್ತ್ರದ ಅಧ್ಯಾಪಕರು, ವೈದ್ಯರಲ್ಲ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ನಮಗೆ ಕಾರಣವುಂಟು. ಈ ರೋಗದ ಮೇಲೆ ಪ್ರಯೋಗಿಸುವ ಎರಡು ದೊಡ್ಡ ಆಯುಧಗಳಲ್ಲಿ ಒಂದು ಭೌತಶಾಸ್ತ್ರದ ಪ್ರಯೋಗಶಾಲೆಯಿಂದಲೇ ಬಂದದ್ದು. ಇನ್ನೊಂದು ಭೌತಶಾಸ್ತ್ರವನ್ನು ಕಲಿತು ಜೀವಶಾಸ್ತ್ರದ ಕಡೆಗೆ ತಿರುಗಿದವರೊಬ್ಬರ ಕೈಗೆ ಆಕಸ್ಮಿಕವಾಗಿ ಸಿಕ್ಕಿದ್ದು.

ರೋಗದ ನೆಲೆ

ಗರ್ಭಕೋಶವನ್ನು ತಲೆಕೆಳಗಾಗಿ ಹಿಡಿದ ಹೂಜಿಗೆ ಹೋಲಿಸಬಹುದು. ಮೇಲಿನ ಅಗಲವಾದ ಭಾಗ ಅದರ ಮೈ; ಕೂಸು ಬೆಳೆಯುವುದು ಅಲ್ಲಿ. ಕೆಳಗಿನ ಕಿರಿದಾದ ಭಾಗ ಅದರ ಕೊರಳು. ಇದಕ್ಕೆ ಗರ್ಭಕಂಠವೆಂದು ಹೆಸರು. ಮೈಯ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಸಾಮಾನ್ಯವಾಗಿ ಮುಟ್ಟು ನಿಂತ ಮೇಲೆ ಕಾಣಿಸಿಕೊಳ್ಳುವುದರಿಂದ ಬಸಿರಿನೊಡನೆ ಅದು ಎದುರಾಗುವುದು ಬಹಳ ಅಪರೂಪ. ಗರ್ಭಕಂಠದ ಕ್ಯಾನ್ಸರ್ ಹಾಗಲ್ಲ. ಅದು ಮೂವತ್ತು ನಲವತ್ತರ ಪ್ರಾಯದಲ್ಲಿಯೂ ಬರುವುದುಂಟು.

2022ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು 6,60,000 ಮಂದಿ ಮಹಿಳೆಯರಿಗೆ ಈ ರೋಗ ಹೊಸದಾಗಿ ಕಂಡುಬಂದಿತೆಂದು ಅಂದಾಜು. ಅವರಲ್ಲಿ ಸುಮಾರು 1,27,000 ಮಂದಿ ಭಾರತದವರು. ಎಲ್ಲ ಬಗೆಯ ಕ್ಯಾನ್ಸರುಗಳನ್ನೂ ಸೇರಿಸಿದರೆ, ಸಾವಿರದಿಂದ ಎರಡು ಸಾವಿರ ಬಸುರಿಯರಲ್ಲಿ ಒಬ್ಬಳಿಗೆ ಆ ಕಾಲದಲ್ಲಿಯೇ ಕ್ಯಾನ್ಸರ್ ಪತ್ತೆಯಾಗುತ್ತದೆ. ಅವುಗಳಲ್ಲಿ ಸ್ತನದ ಕ್ಯಾನ್ಸರಿನದು ಮೊದಲ ಸ್ಥಾನ. ಗರ್ಭಕಂಠದ ಕ್ಯಾನ್ಸರ್ ಅದರ ಹಿಂದೆಯೇ ಬರುವ ಕೆಲವುಗಳಲ್ಲಿ ಒಂದು. ಇದರ ಮೊದಲ ಸೂಚನೆ ಹೆಚ್ಚಾಗಿ ಅಕಾಲದ ರಕ್ತಸ್ರಾವ. ಬಸುರಿನಲ್ಲಿ ರಕ್ತ ಕಾಣಿಸಲು ಬೇರೆ ಕಾರಣಗಳೂ ಅನೇಕವಾಗಿರುವುದರಿಂದ ಈ ಸೂಚನೆಯನ್ನು ಕಡೆಗಣಿಸುವ ಸಂಭವ ಹೆಚ್ಚು.

ಕಿರಣದ ಬಲ, ಕಿರಣದ ತೊಡಕು

1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯೆರ್ ಕ್ಯೂರಿ ದಂಪತಿಗಳು ರೇಡಿಯಂ ಧಾತುವನ್ನು ಕಂಡುಹಿಡಿದರು. ಮುಂದಿನ ಶತಮಾನದ ಮೊದಲ ದಶಕದಲ್ಲಿಯೇ ವೈದ್ಯರು ಅದನ್ನು ಗರ್ಭಕಂಠದ ಗೆಡ್ಡೆಯ ಮೇಲೆ ಪ್ರಯೋಗಿಸತೊಡಗಿದರು. ಈ ಭಾಗವು ಕಿರಣ ಚಿಕಿತ್ಸೆಗೆ ಹೇಳಿ ಮಾಡಿಸಿದಂತಿದೆ. ರೇಡಿಯಂ ತುಂಬಿದ ಸಣ್ಣ ಕೊಳವೆಯನ್ನು ಗೆಡ್ಡೆಯ ಒಡಲಲ್ಲಿಯೇ ಇಡಬಹುದು. ಕಿರಣದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆಂಬುದನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಓದಿರುತ್ತಾರೆ. ಒಂದು ಸೆಂಟಿಮೀಟರು ದೂರದಲ್ಲಿ ಇರುವ ತೀವ್ರತೆಯು ಎರಡು ಸೆಂಟಿಮೀಟರಿನಲ್ಲಿ ಕಾಲು ಭಾಗಕ್ಕೂ, ಹತ್ತು ಸೆಂಟಿಮೀಟರಿನಲ್ಲಿ ನೂರರಲ್ಲಿ ಒಂದು ಭಾಗಕ್ಕೂ ಇಳಿಯುತ್ತದೆ. ಆದುದರಿಂದ ಗೆಡ್ಡೆ ಬೇಯುತ್ತದೆ. ಅದರಾಚೆಯ ಅಂಗಗಳು ಬಹುಮಟ್ಟಿಗೆ ಉಳಿಯುತ್ತವೆ. ಇಂದು ರೇಡಿಯಮಿನ ಸ್ಥಾನದಲ್ಲಿ ಇರಿಡಿಯಂ 192, ಕೋಬಾಲ್ಟ್ 60 ಎಂಬ ಕೃತಕ ವಿಕಿರಣ ಧಾತುಗಳು ಬಂದಿವೆ. ತತ್ತ್ವ ಮಾತ್ರ ಅದೇ.

“ಬೇಯುತ್ತದೆ” ಎಂದೆವಷ್ಟೆ, ಆ ಮಾತು ಅಕ್ಷರಶಃ ಸರಿಯಲ್ಲ. ಒಂದು ಕಿಲೋಗ್ರಾಂ ದ್ರವ್ಯವು ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದಕ್ಕೆ ಒಂದು ಗ್ರೇ ಎಂದು ಹೆಸರು. ಗರ್ಭಕಂಠದ ಗೆಡ್ಡೆಗೆ ಹೊರಗಿನ ಕಿರಣವನ್ನೂ ಒಳಗಿನ ಕಿರಣವನ್ನೂ ಸೇರಿಸಿ ಕೊಡುವ ಪ್ರಮಾಣ ಸುಮಾರು 80 ಗ್ರೇ ಅಥವಾ ಅದಕ್ಕೂ ತುಸು ಹೆಚ್ಚು. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4,200 ಜೂಲ್ ಬೇಕೆಂಬುದನ್ನು ನೆನೆದರೆ, ಈ 80 ಜೂಲಿನಿಂದ ಏರುವ ಉಷ್ಣತೆಯು ಒಂದು ಡಿಗ್ರಿಯ ಐವತ್ತನೆಯ ಒಂದು ಭಾಗ ಮಾತ್ರ. ಕೊಲ್ಲುವುದು ಶಾಖವಲ್ಲ. ಜೀವಕೋಶದ ನಡುವೆ ಇರುವ ಡಿ.ಎನ್.ಎ. ಎಂಬ ಸೂಕ್ಷ್ಮ ತಂತುವನ್ನು ಕಿರಣವು ಅಲ್ಲಲ್ಲಿ ಕಡಿದುಹಾಕುತ್ತದೆ. ತಂತು ಕಡಿದ ಕೋಶ ಮತ್ತೆ ಒಡೆದು ಎರಡಾಗಲಾರದು.

ತೊಡಕು ಇರುವುದು ಇಲ್ಲಿಯೇ. ಗರ್ಭದಲ್ಲಿರುವ ಕೂಸಿನ ಜೀವಕೋಶಗಳು ಬಹು ವೇಗವಾಗಿ ಒಡೆಯುತ್ತಿರುತ್ತವೆ. ಕೂಸಿಗೆ ತಗಲುವ ಕಿರಣವು 0.1 ಗ್ರೇಗಿಂತ ಕಡಿಮೆಯಿದ್ದರೆ ಗರ್ಭವನ್ನು ಕೊನೆಗಾಣಿಸಲು ಅದು ಕಾರಣವಾಗಬಾರದೆಂಬುದು ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗದ ಅಭಿಪ್ರಾಯ. ಗರ್ಭಕಂಠದ ಚಿಕಿತ್ಸೆಯಲ್ಲಿ ಹೊರಗಿನಿಂದ ಕೊಡುವ ಕಿರಣದ ಒಂದು ದಿನದ ಪಾಲೇ ಸುಮಾರು 1.8 ಗ್ರೇ, ಎಂದರೆ ಆ ಮಿತಿಯ ಹದಿನೆಂಟು ಪಟ್ಟು. ಗೆಡ್ಡೆಯು ತಾಯಿಯ ತಲೆಯಲ್ಲಿದ್ದರೆ ದೂರವೇ ಕೂಸಿಗೆ ರಕ್ಷೆಯಾಗುತ್ತಿತ್ತು. ಇಲ್ಲಿಯಾದರೋ ಗೆಡ್ಡೆಯೂ ಕೂಸೂ ಒಂದೇ ಹೂಜಿಯೊಳಗಿವೆ. 1945ರಲ್ಲಿ ಹಿರೋಷಿಮಾ, ನಾಗಸಾಕಿ ನಗರಗಳಲ್ಲಿ ಅಣುಬಾಂಬಿನ ಕಿರಣಕ್ಕೆ ಗುರಿಯಾದ ಗರ್ಭಿಣಿಯರ ಮಕ್ಕಳನ್ನು ಪರೀಕ್ಷಿಸಿದಾಗ, ಗರ್ಭದ ಎಂಟರಿಂದ ಹದಿನೈದನೆಯ ವಾರದೊಳಗೆ ಪೆಟ್ಟು ತಿಂದವರಲ್ಲಿ ತಲೆ ಚಿಕ್ಕದಾಗಿಯೂ ಬುದ್ಧಿ ಕುಂಠಿತವಾಗಿಯೂ ಇರುವುದು ಹೆಚ್ಚಾಗಿ ಕಂಡುಬಂದಿತು. ಹೀಗಿರುವಲ್ಲಿ ಕೂಸು ಒಳಗಿರುವಾಗ ಗರ್ಭಕಂಠಕ್ಕೆ ಕಿರಣವನ್ನು ಹಾಯಿಸಿ ಅದನ್ನು ಉಳಿಸಿಕೊಳ್ಳುವ ಮಾತೇ ಇಲ್ಲ.

ಪ್ಲಾಟಿನಂ ತಂತಿಯ ಕಥೆ

ಇನ್ನೊಂದು ಆಯುಧ ಹುಟ್ಟಿದ ಬಗೆ ವಿನೋದವಾಗಿದೆ. ಅಮೆರಿಕದ ಮಿಶಿಗನ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿದ್ದ ಬಾರ್ನೆಟ್ ರೋಸೆನ್‌ಬರ್ಗ್ ಅವರು ಭೌತಶಾಸ್ತ್ರದಲ್ಲಿ ತರಬೇತಿ ಪಡೆದವರು. ಒಡೆಯುತ್ತಿರುವ ಜೀವಕೋಶದ ಚಿತ್ರವನ್ನು ನೋಡಿದಾಗ ಅವರಿಗೆ ದಂಡಕಾಂತದ ಸುತ್ತ ಕಬ್ಬಿಣದ ಪುಡಿ ಮೂಡಿಸುವ ರೇಖೆಗಳ ನೆನಪಾಯಿತು. ಹಾಗಾದರೆ ಕೋಶವಿಭಜನೆಯ ಮೇಲೆ ವಿದ್ಯುತ್ ಕ್ಷೇತ್ರದ ಪ್ರಭಾವವಿರಬಹುದೇ ಎಂದು ಪರೀಕ್ಷಿಸಲು ಅವರು ಬ್ಯಾಕ್ಟೀರಿಯಗಳಿದ್ದ ದ್ರವದಲ್ಲಿ ಪ್ಲಾಟಿನಮಿನ ವಿದ್ಯುದ್ವಾರಗಳನ್ನು ಇಳಿಸಿ ವಿದ್ಯುತ್ತನ್ನು ಹರಿಸಿದರು. ಬ್ಯಾಕ್ಟೀರಿಯಗಳು ಒಡೆಯುವುದು ನಿಂತುಹೋಯಿತು. ಸಾಯುವುದರ ಬದಲು ಅವು ತಮ್ಮ ಸಹಜ ಉದ್ದದ ಮುನ್ನೂರು ಪಟ್ಟಿನವರೆಗೂ ನೂಲಿನಂತೆ ಬೆಳೆದುವು.

ಇದು ವಿದ್ಯುತ್ತಿನ ಮಹಿಮೆಯೆಂದು ತೀರ್ಮಾನಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ರೋಸೆನ್‌ಬರ್ಗರು ಹಾಗೆ ಮಾಡಲಿಲ್ಲ. ಒಂದೊಂದೇ ಕಾರಣವನ್ನು ಬೇರ್ಪಡಿಸಿ ನೋಡುತ್ತ ಹೋದರು. ಯಾವುದರೊಡನೆಯೂ ಸುಲಭವಾಗಿ ಬೆರೆಯದ ಲೋಹವೆಂದು ಪ್ಲಾಟಿನಮ್ಮನ್ನು ಆರಿಸಿದ್ದರಲ್ಲವೆ? ಆ ಲೋಹವೇ ಅತ್ಯಲ್ಪವಾಗಿ ಕರಗಿ, ದ್ರವದಲ್ಲಿದ್ದ ಅಮೋನಿಯ ಮತ್ತು ಕ್ಲೋರಿನ್‌ಗಳೊಡನೆ ಕೂಡಿ ಈ ಕೆಲಸ ಮಾಡಿತ್ತು. 1965ರಲ್ಲಿ ಅವರು ಈ ವಿಷಯವನ್ನು ಪ್ರಕಟಿಸಿದರು. ಹಾಗೆ ಉಂಟಾದ ವಸ್ತುಗಳಲ್ಲಿ ಅತಿ ಮುಖ್ಯವಾದುದು ರಸಾಯನಶಾಸ್ತ್ರಜ್ಞರಿಗೆ ಹೊಸದಾಗಿರಲಿಲ್ಲ. ಇಟಲಿಯ ಮಿಕೆಲೆ ಪೆಯ್ರೋನೆ ಎಂಬವರು ಅದನ್ನು 1840ರ ದಶಕದಲ್ಲಿಯೇ ತಯಾರಿಸಿದ್ದರು. ನೂರಿಪ್ಪತ್ತು ವರ್ಷ ಅದಕ್ಕೆ ಇಂಥ ಉಪಯೋಗವುಂಟೆಂದು ಯಾರಿಗೂ ತೋಚಿರಲಿಲ್ಲ. ಇಂದು ಅದರ ಹೆಸರು ಸಿಸ್‌ಪ್ಲಾಟಿನ್. ಅಮೆರಿಕದಲ್ಲಿ 1978ರಲ್ಲಿ ಔಷಧವೆಂದು ಅದಕ್ಕೆ ಅನುಮತಿ ದೊರೆಯಿತು.

ಈ ಅಣುವಿನ ನಡುವೆ ಒಂದು ಪ್ಲಾಟಿನಂ ಪರಮಾಣು. ಅದರ ಒಂದು ಪಕ್ಕದಲ್ಲಿ ಎರಡು ಅಮೋನಿಯ, ಇನ್ನೊಂದು ಪಕ್ಕದಲ್ಲಿ ಎರಡು ಕ್ಲೋರಿನ್. ಜೀವಕೋಶದೊಳಗೆ ಕ್ಲೋರಿನ್‌ಗಳು ಕಳಚಿಕೊಳ್ಳುತ್ತವೆ. ಬರಿದಾದ ಆ ಎರಡು ಕೈಗಳಿಂದ ಪ್ಲಾಟಿನಂ ಡಿ.ಎನ್.ಎ. ತಂತುವನ್ನು ಹಿಡಿದು ಬಾಗಿಸಿಬಿಡುತ್ತದೆ. ಕಿರಣವು ತಂತುವನ್ನು ಕಡಿದರೆ ಇದು ಗಂಟು ಹಾಕುತ್ತದೆ. ಎರಡರಿಂದಲೂ ಕೋಶವಿಭಜನೆ ನಿಲ್ಲುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಕಿರಣ ಚಿಕಿತ್ಸೆಯೊಡನೆ ಸಿಸ್‌ಪ್ಲಾಟಿನ್ ಕೊಟ್ಟರೆ ಸಾವಿನ ಸಂಭವವು ನೂರಕ್ಕೆ 30ರಿಂದ 50ರಷ್ಟು ತಗ್ಗುತ್ತದೆಂಬುದು ಐದು ದೊಡ್ಡ ಪ್ರಯೋಗಗಳಿಂದ ಸಿದ್ಧವಾಗಿ, 1999ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಅದನ್ನು ವೈದ್ಯರಿಗೆಲ್ಲ ಸಾರಿತು.

ಆಕಾರದ ಕಾಲ, ಬೆಳವಣಿಗೆಯ ಕಾಲ

ಬಸಿರಿನಲ್ಲಿ ಕಿರಣವನ್ನು ಕೊಡಲಾಗದಿದ್ದರೆ ಪ್ಲಾಟಿನಮ್ಮನ್ನಾದರೂ ಕೊಡಬಹುದೇ? ವಿಭಜನೆಯನ್ನು ನಿಲ್ಲಿಸುವ ಔಷಧವು ಕೂಸನ್ನು ಬಿಟ್ಟೀತೇ? ಇದಕ್ಕೆ ಉತ್ತರ ಕಾಲವನ್ನು ಅವಲಂಬಿಸಿದೆ.

ಮೊದಲ ಮೂರು ತಿಂಗಳು ಆಕಾರದ ಕಾಲ. ಹೃದಯ, ಕೈಕಾಲು, ಮುಖ, ಕಣ್ಣು ಇವುಗಳ ಕಟ್ಟಡವೆಲ್ಲ ಆಗ ನಡೆಯುತ್ತದೆ. ಆಗ ಔಷಧ ಬಿದ್ದರೆ ಅಂಗವಿಕಲತೆಯೂ ಗರ್ಭಪಾತವೂ ಉಂಟಾಗಬಹುದು. ಆದುದರಿಂದ ಆ ಅವಧಿಯಲ್ಲಿ ಇಂಥ ಔಷಧವನ್ನು ಕೊಡುವುದಿಲ್ಲ. ಅನಂತರದ್ದು ಬಹುಮಟ್ಟಿಗೆ ಬೆಳವಣಿಗೆಯ ಕಾಲ. ಇಪ್ಪತ್ತನೆಯ ವಾರದಲ್ಲಿ ಸುಮಾರು 300 ಗ್ರಾಂ ಇರುವ ಕೂಸು ಇಪ್ಪತ್ತೆಂಟನೆಯ ವಾರಕ್ಕೆ ಒಂದು ಕಿಲೋಗ್ರಾಂ ಆಗಿ, ನಲವತ್ತನೆಯ ವಾರಕ್ಕೆ ಮೂರು ಕಿಲೋಗ್ರಾಮಿನ ಸಮೀಪಕ್ಕೆ ಬರುತ್ತದೆ. ಈ ಕಾಲದಲ್ಲಿ ಔಷಧದಿಂದ ಕೇಡಾಗುವುದಾದರೆ ಅದು ಮೊದಲು ಬೆಳವಣಿಗೆಯಲ್ಲಿ ತೋರಬೇಕು. ತೂಕವನ್ನು ಸಾಕ್ಷಿಗೆ ಕರೆಯುವುದು ಇದಕ್ಕಾಗಿಯೇ.

ಕೂಸಿಗೆ ಮಾಸು ಎಂಬ ಒಂದು ರಕ್ಷೆಯೂ ಉಂಟು. ತಾಯಿಯ ರಕ್ತವೂ ಕೂಸಿನ ರಕ್ತವೂ ಮಾಸಿನಲ್ಲಿ ನೇರವಾಗಿ ಬೆರೆಯುವುದಿಲ್ಲ. ತೆಳುವಾದ ಪೊರೆಯ ಮೂಲಕ ಬೇಕಾದ ವಸ್ತುಗಳು ದಾಟುತ್ತವೆ. ಬೆಲ್ಜಿಯಮಿನ ಸಂಶೋಧಕರು ಬಸುರಾದ ಬಬೂನ್ ಕೋತಿಗಳಿಗೆ ಕ್ಯಾನ್ಸರಿನ ಔಷಧಗಳನ್ನು ಕೊಟ್ಟು, ತಾಯಿಯ ರಕ್ತದಲ್ಲಿಯೂ ಮರಿಯ ರಕ್ತದಲ್ಲಿಯೂ ಅವುಗಳನ್ನು ಅಳೆದರು. 2010ರಲ್ಲಿ ಪ್ರಕಟವಾದ ಆ ಅಳತೆಯ ಪ್ರಕಾರ, ಡಾಕ್ಸೊರೂಬಿಸಿನ್ ಎಂಬ ಔಷಧವು ತಾಯಿಯಲ್ಲಿರುವುದರ ನೂರಕ್ಕೆ ಸುಮಾರು ಏಳೂವರೆಯಷ್ಟು ಮಾತ್ರ ಮರಿಯಲ್ಲಿತ್ತು. ಪ್ಲಾಟಿನಂ ಗುಂಪಿಗೆ ಸೇರಿದ ಕಾರ್ಬೊಪ್ಲಾಟಿನ್ ಸುಮಾರು 57ರಷ್ಟು ಇತ್ತು. ಎಂದರೆ, ಈ ಜರಡಿ ಎಲ್ಲವನ್ನೂ ಒಂದೇ ರೀತಿಯಾಗಿ ತಡೆಯದು. ಪ್ಲಾಟಿನಮಿನ ಚಿಕ್ಕ ಅಣುಗಳು ಹೆಚ್ಚಾಗಿ ನುಸುಳುತ್ತವೆ.

ಚೀಟಿ ಎತ್ತಲಾಗದ ಪ್ರಯೋಗ

ಔಷಧವೊಂದರ ಗುಣವನ್ನು ಅರಿಯಬೇಕಾದರೆ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಔಷಧ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸುವುದು ವಾಡಿಕೆ. ಬಸುರಿಯರನ್ನು ಹಾಗೆ ವಿಂಗಡಿಸಲು ಯಾವ ವೈದ್ಯನ ಮನಸ್ಸಾದರೂ ಒಪ್ಪೀತೇ? ಅಲ್ಲದೆ ಒಂದು ಆಸ್ಪತ್ರೆಗೆ ಇಂಥವರು ಬರುವುದು ಎಷ್ಟೋ ವರ್ಷಕ್ಕೊಬ್ಬರು. ಒಬ್ಬರಿಬ್ಬರ ಅನುಭವದಿಂದ ನಿಯಮ ಹುಟ್ಟದು.

ಈ ಕಷ್ಟಕ್ಕೆ ಪರಿಹಾರವಾಗಿ ಬೆಲ್ಜಿಯಮಿನ ಲ್ಯೂವೆನ್ ನಗರದ ಸ್ತ್ರೀರೋಗ ಕ್ಯಾನ್ಸರ್ ತಜ್ಞ ಫ್ರೆಡೆರಿಕ್ ಅಮಾಂಟ್ ಮತ್ತು ಅವರ ಸಂಗಡಿಗರು ಒಂದು ದಾಖಲೆ ಪುಸ್ತಕವನ್ನು ತೆರೆದರು. ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಬಸಿರಿನಲ್ಲಿ ಕ್ಯಾನ್ಸರ್ ಕಂಡ ತಾಯಂದಿರ ವಿವರಗಳನ್ನು ಒಂದೇ ಕ್ರಮದಲ್ಲಿ ಬರೆದಿಡುವುದು. ಅವರ ಮಕ್ಕಳನ್ನು ವರ್ಷ ವರ್ಷವೂ ಹಿಂಬಾಲಿಸಿ ಪರೀಕ್ಷಿಸುವುದು. ಅಷ್ಟೇ ವಾರಕ್ಕೆ ಹುಟ್ಟಿದ, ಕ್ಯಾನ್ಸರ್ ಇಲ್ಲದ ತಾಯಂದಿರ ಮಕ್ಕಳೊಡನೆ ಅವರನ್ನು ಹೋಲಿಸುವುದು — ಇದು ಅವರ ವಿಧಾನ.

2015ರಲ್ಲಿ ಇಂಥ 129 ಮಕ್ಕಳ ಪರೀಕ್ಷೆಯ ಫಲ ಪ್ರಕಟವಾಯಿತು. ಅವರಲ್ಲಿ 96 ಮಕ್ಕಳು ಗರ್ಭದಲ್ಲಿದ್ದಾಗಲೇ ತಾಯಂದಿರಿಗೆ ಕ್ಯಾನ್ಸರಿನ ಔಷಧಗಳನ್ನು ಕೊಡಲಾಗಿತ್ತು. ಅವರೊಡನೆ ಹೋಲಿಸಲು ಬೇರೆ 129 ಮಕ್ಕಳು.

ಇಲ್ಲಿ ಒಂದು ಪಾರಿಭಾಷಿಕ ಮಾತನ್ನು ವಿವರಿಸಬೇಕು. ಒಂದೇ ವಾರಕ್ಕೆ ಹುಟ್ಟಿದ ನೂರು ಕೂಸುಗಳನ್ನು ತೂಕದ ಏರಿಕೆಯಲ್ಲಿ ಸಾಲಾಗಿ ಮಲಗಿಸಿದೆವೆಂದು ಭಾವಿಸೋಣ. ಮೊದಲ ಹತ್ತು ಕೂಸುಗಳಿಗೆ “ವಾರಕ್ಕೆ ತಕ್ಕ ತೂಕವಿಲ್ಲದವು” ಎಂದು ಹೆಸರು. ಹೀಗೆ ಹೇಳುವುದರಿಂದ, ಬೇಗ ಹುಟ್ಟಿದ್ದಕ್ಕಾಗಿ ಚಿಕ್ಕದಾಗಿರುವ ಕೂಸು ಬೇರೆ, ಒಳಗೆ ಸರಿಯಾಗಿ ಬೆಳೆಯದೆ ಚಿಕ್ಕದಾಗಿರುವ ಕೂಸು ಬೇರೆ ಎಂದು ವಿಂಗಡಿಸಿದಂತಾಯಿತು. ಈ ಭೇದವನ್ನು ಮರೆತರೆ ಮುಂದಿನ ಮಾತೆಲ್ಲ ಗೊಂದಲವಾಗುತ್ತದೆ.

ತೂಕ ಹೇಳಿದ ಮಾತು

ಕ್ಯಾನ್ಸರ್ ಇದ್ದ ತಾಯಂದಿರ ಕೂಸುಗಳಲ್ಲಿ ನೂರಕ್ಕೆ 22 ವಾರಕ್ಕೆ ತಕ್ಕ ತೂಕವಿಲ್ಲದವು. ಹೋಲಿಕೆಯ ಗುಂಪಿನಲ್ಲಿ ನೂರಕ್ಕೆ 15.2. ಅಂತರವಿದೆ, ಆದರೆ ಇಷ್ಟು ಕಡಿಮೆ ಸಂಖ್ಯೆಯ ಮಕ್ಕಳಲ್ಲಿ ಅದು ಬರಿಯ ಆಕಸ್ಮಿಕದಿಂದಲೂ ಬರಬಹುದಾದಷ್ಟು ಚಿಕ್ಕದು. ಒಂದೂವರೆಯಿಂದ ಮೂರು ವರ್ಷದೊಳಗೆ ನಡೆಸಿದ ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ ಹಿಗ್ಗುವ ಮುನ್ನ ಒಂದು ಎಚ್ಚರಿಕೆ ಅಗತ್ಯ. ಆ ತಾಯಂದಿರಲ್ಲಿ ಅತಿ ಹೆಚ್ಚಾಗಿದ್ದುದು ಸ್ತನದ ಕ್ಯಾನ್ಸರ್; ಅದಕ್ಕೆ ಕೊಡುವ ಔಷಧಗಳು ಬೇರೆ. ಪ್ಲಾಟಿನಮಿನ ವಿಷಯವನ್ನು ಪ್ರತ್ಯೇಕವಾಗಿ ನೋಡಲು ಇನ್ನೂ ದೊಡ್ಡ ಲೆಕ್ಕ ಬೇಕಾಗಿತ್ತು. ಅದು 2018ರಲ್ಲಿ ಬಂದಿತು: 16 ದೇಶಗಳಲ್ಲಿ, ಇಪ್ಪತ್ತು ವರ್ಷಗಳ ಅವಧಿಯಲ್ಲಿ ದಾಖಲಾದ 1,170 ತಾಯಂದಿರ ವೃತ್ತಾಂತ. ಇದರಲ್ಲಿ ಸತ್ಯವು ಸ್ಪಷ್ಟವಾಯಿತು. ಪ್ಲಾಟಿನಂ ಔಷಧಗಳನ್ನು ಪಡೆದ ತಾಯಂದಿರಲ್ಲಿ, ಕೂಸು ವಾರಕ್ಕೆ ತಕ್ಕ ತೂಕವಿಲ್ಲದೆ ಹುಟ್ಟುವ ಮತ್ತು ಹಾಗೆ ಹುಟ್ಟದಿರುವ ಸಂಭವಗಳ ನಿಷ್ಪತ್ತಿ ಸುಮಾರು ಮೂರು ಪಟ್ಟಾಗಿತ್ತು. ತಾಯಿಯ ಕಾಯಿಲೆ, ಆಹಾರ ಸೇರದಿರುವುದು, ಚಿಂತೆ ಇವುಗಳ ಪಾಲೂ ಇದರಲ್ಲಿ ಇರಬಹುದು. ಆದರೂ ಪ್ಲಾಟಿನಂ ಕೂಸಿನಿಂದ ಸುಂಕವನ್ನು ವಸೂಲು ಮಾಡುತ್ತದೆಂದು ನಂಬಲು ಕಾರಣವಿದೆ. ಸಿಸ್‌ಪ್ಲಾಟಿನ್ ಮಕ್ಕಳ ಕಿವಿಯನ್ನು ಮಂದಗೊಳಿಸಬಲ್ಲುದೆಂಬುದು ಬೇರೆ ಅನುಭವಗಳಿಂದ ತಿಳಿದಿರುವುದರಿಂದ, ಇಂಥ ಮಕ್ಕಳ ಶ್ರವಣಶಕ್ತಿಯನ್ನೂ ಪರೀಕ್ಷಿಸಬೇಕಾಗುತ್ತದೆ.

ಆತುರದ ಬೆಲೆ

ಆದರೆ ಈ ಸಂಶೋಧನೆಯ ಮುಖ್ಯ ಪಾಠ ಬೇರೊಂದು. 2015ರ ಆ 129 ಮಕ್ಕಳಲ್ಲಿ 79 ಮಂದಿ, ಎಂದರೆ ನೂರಕ್ಕೆ 61ರಷ್ಟು, ದಿನ ತುಂಬುವ ಮೊದಲೇ ಹುಟ್ಟಿದವರು. ಇವರಲ್ಲಿ ಅನೇಕರು ತಾವಾಗಿ ಬೇಗ ಹುಟ್ಟಿದವರಲ್ಲ. ತಾಯಿಯ ಚಿಕಿತ್ಸೆಗೆ ದಾರಿ ಮಾಡಲೆಂದು ವೈದ್ಯರೇ ಬೇಗ ಹೊರತೆಗೆದವರು. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಅಂಕಗಳು ಏರಿಳಿದದ್ದು ಮುಖ್ಯವಾಗಿ ಕೂಸು ಗರ್ಭದಲ್ಲಿ ಎಷ್ಟು ವಾರ ಕಳೆದಿತ್ತೆಂಬುದನ್ನು ಅನುಸರಿಸಿ. ಎರಡು ಗುಂಪುಗಳಲ್ಲಿಯೂ ಹಾಗೆಯೇ. ಕೂಸನ್ನು ಔಷಧದಿಂದ ಪಾರುಮಾಡಬೇಕೆಂಬ ಸದುದ್ದೇಶದಿಂದ ಮಾಡಿದ ಆತುರವೇ ಕೂಸಿಗೆ ಹೆಚ್ಚು ಕೇಡನ್ನು ಮಾಡಿರಬಹುದೆಂದಾಯಿತು!

ಮೂರನೆಯ ದಾರಿ ತೆರೆದದ್ದು ಹೀಗೆ. ಗೆಡ್ಡೆ ತೀರ ಚಿಕ್ಕದಾಗಿದ್ದರೆ ಅದನ್ನಷ್ಟೇ ಕತ್ತರಿಸಿ ತೆಗೆದು ಗರ್ಭವನ್ನು ಮುಂದುವರಿಸಬಹುದು. ತುಸು ದೊಡ್ಡದಾಗಿದ್ದು, ಮೊದಲ ಮೂರು ತಿಂಗಳು ಕಳೆದಿದ್ದರೆ, ಕೆಲವರಲ್ಲಿ ಮೂರು ವಾರಕ್ಕೊಮ್ಮೆ ಪ್ಲಾಟಿನಂ ಔಷಧವನ್ನು ಕೊಟ್ಟು ಗೆಡ್ಡೆಯನ್ನು ಹತೋಟಿಯಲ್ಲಿಟ್ಟು ಕಾಯಬಹುದು. ತಾಯಿ ಕೂಸುಗಳಿಬ್ಬರ ರಕ್ತವೂ ಚೇತರಿಸಿಕೊಳ್ಳಲೆಂದು, ಹೆರಿಗೆಗೆ ಮೂರು ವಾರ ಮೊದಲೇ ಔಷಧವನ್ನು ನಿಲ್ಲಿಸುತ್ತಾರೆ. ಗೆಡ್ಡೆಯಿರುವ ದಾರಿಯಲ್ಲಿ ಕೂಸು ಬರಬಾರದಾದುದರಿಂದ ಹೊಟ್ಟೆಯನ್ನು ಕೊಯ್ದು ಹೆರಿಗೆ ಮಾಡಿಸುತ್ತಾರೆ. ತಾಯಿಗೆ ಪೂರ್ಣ ಚಿಕಿತ್ಸೆ ಆಮೇಲೆ. 2018ರ ಲೆಕ್ಕದಲ್ಲಿಯೇ ಕಂಡುಬಂದಂತೆ, ಆ ಇಪ್ಪತ್ತು ವರ್ಷಗಳಲ್ಲಿ ಬಸಿರಿನಲ್ಲಿಯೇ ಚಿಕಿತ್ಸೆ ಪಡೆದವರು ಹೆಚ್ಚುತ್ತ ಬಂದರು. ಜೀವಂತವಾಗಿ ಹುಟ್ಟಿದ ಕೂಸುಗಳೂ ಹೆಚ್ಚಿದುವು. ವೈದ್ಯರೇ ಬೇಗ ಹೊರತೆಗೆದ ಕೂಸುಗಳು ಕಡಿಮೆಯಾದುವು.

ಎಲ್ಲರಿಗೂ ಈ ದಾರಿ ತೆರೆದಿದೆಯೆಂದು ವಾಚಕರು ಭಾವಿಸಬಾರದು. ರೋಗ ಬಹಳ ಹರಡಿದ್ದರೆ, ಅಥವಾ ಬಸಿರಿನ ಮೊದಲ ವಾರಗಳಲ್ಲಿಯೇ ಕಂಡುಬಂದರೆ, ತಾಯಿಯನ್ನು ಉಳಿಸಲು ಗರ್ಭವನ್ನು ಕಳೆದುಕೊಳ್ಳಬೇಕಾದ ಕಠಿನ ಪ್ರಸಂಗ ಇಂದಿಗೂ ಬರುತ್ತದೆ. ಅಂಕಿಸಂಖ್ಯೆಗಳು ದಾರಿಯನ್ನು ತೋರಿಸಬಲ್ಲುವು. ಆರಿಸಬೇಕಾದವಳು ಆ ತಾಯಿಯೇ.

ಮುಳ್ಳು ಮೊಳೆಯುವ ಮೊದಲು

ಈ ಕಠಿನ ಪ್ರಸಂಗವೇ ಬಾರದಂತೆ ಮಾಡುವ ಉಪಾಯ ಇಂದು ನಮ್ಮ ಕೈಯಲ್ಲಿದೆ. ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಡಿಮೆ ಪೂರ್ತಿಯಾಗಿ ಪ್ಯಾಪಿಲೋಮ ಎಂಬ ವೈರಸ್ಸಿನ ಕೆಲವು ತಳಿಗಳಿಂದ ಬರುವಂಥದು. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರು 1983 ಮತ್ತು 1984ರಲ್ಲಿ ಅವುಗಳಲ್ಲಿ ಮುಖ್ಯವಾದ ಎರಡನ್ನು ಗುರುತಿಸಿ 2008ರಲ್ಲಿ ನೊಬೆಲ್ ಬಹುಮಾನ ಪಡೆದರು. 2006ರಿಂದ ಅದಕ್ಕೆ ಲಸಿಕೆಯೂ ಬಂದಿದೆ. ಎಳೆಯ ಹರೆಯದಲ್ಲಿ ಹಾಕಿಸಿಕೊಂಡರೆ ಅದರ ಫಲ ಹೆಚ್ಚು. ಪತ್ತೆ ಮಾಡುವ ಉಪಾಯವೂ ದುಬಾರಿಯಲ್ಲ. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲವನ್ನು — ಅಡುಗೆಮನೆಯ ವಿನಿಗರಿನ ಸತ್ತ್ವವನ್ನು — ಹಚ್ಚಿದರೆ, ಕೆಟ್ಟ ಭಾಗವು ಒಂದೆರಡು ನಿಮಿಷಗಳಲ್ಲಿ ಬಿಳುಪಾಗಿ ಕಾಣಿಸುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಆರಿಸಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಅರ್ಧದಷ್ಟು ಮಂದಿಗೆ ಈ ಪರೀಕ್ಷೆಯನ್ನು ಮಾಡಿಸಿ ನೋಡಿದರು. ಪರೀಕ್ಷೆಗೊಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವುಗಳು ಹನ್ನೆರಡು ವರ್ಷಗಳಲ್ಲಿ ನೂರಕ್ಕೆ 31ರಷ್ಟು ಕಡಿಮೆಯಾಗಿದ್ದುವು.

ಈ ಪುಟವನ್ನು ಓದುವ ವಿದ್ಯಾರ್ಥಿನಿಯರು ಲಸಿಕೆಯ ವಿಷಯವನ್ನು ತಮ್ಮ ವೈದ್ಯರಲ್ಲಿ ವಿಚಾರಿಸಬಹುದು. ವಿದ್ಯಾರ್ಥಿಗಳೆಲ್ಲರೂ ಮನೆಗೆ ಹೋದಾಗ ಮೂವತ್ತು ದಾಟಿದ ಅಕ್ಕ, ಅತ್ತಿಗೆ, ಚಿಕ್ಕಮ್ಮಂದಿರಿಗೆ ಈ ಪರೀಕ್ಷೆಯ ಸುದ್ದಿಯನ್ನು ಮುಟ್ಟಿಸಬಹುದು. ಸಂಕೋಚದಿಂದ ಈ ಮಾತನ್ನು ಎತ್ತದಿರುವುದರಿಂದಲೇ ಎಷ್ಟೋ ಮನೆಗಳಲ್ಲಿ ರೋಗ ಬಲಿತ ಮೇಲೆ ತಿಳಿಯುತ್ತದೆ.

ಮತ್ತೆ ಆ ಮೂರು ಪ್ರಶ್ನೆಗಳಿಗೆ ಬರೋಣ. ಬಸಿರಿನಲ್ಲಿ ಕ್ಯಾನ್ಸರ್ ಕಂಡ ತಾಯಿಯ ಮನೆಯಲ್ಲಿಯೂ ಇಂದು ಅವನ್ನು ಕೇಳಬಹುದಾಗಿದೆ. ಕೂಸಿನ ತೂಕ ತುಸು ಕಡಿಮೆಯೆಂಬ ಉತ್ತರ ಬಂದೀತು. ಅದಕ್ಕೆ ಮುಂಚೆ, ತಾಯಿಯೂ ಇದ್ದಾಳೆ, ಕೂಸೂ ಇದೆ ಎಂಬ ಉತ್ತರ ಬಂದಿರುತ್ತದೆ. ಕಡಿಮೆಯಾದ ಆ ಕೆಲವು ನೂರು ಗ್ರಾಮುಗಳನ್ನು ತುಂಬಿಕೊಡಲು ತಾಯಿಯ ಮಡಿಲಿದೆ, ಕಾಲವೂ ಇದೆ.